ಮೂಡಣಕ್ಕೆ ಮುಖ ಮಾಡಿ ನಿಂತ ಕಾರು

ನಮ್ಮ ಮನೆಯವರಿಗೆ ಸಿಟ್ಟು ಬರುವುದಿಲ್ಲ. ನನ್ನ ಸಿಟ್ಟಿಗೆಲ್ಲ ಅದೇ ಮೂಲ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಮಹಾರುದ್ರಪ್ಪ ಹೇಗೆ ಅಂತ ಯಾರನ್ನು ಕೇಳಿದರೂ 'ಬಂಗಾರದಂಥಾ ಮನಷ್ಯಾರೀ' ಎನ್ನುತ್ತಿದ್ದರು. ಆ ಬಂಗಾರದ ಜೊತೆ ಬಾಳುವೆ ಮಾಡಿದವಳು ನಾನು, ನನ್ನನ್ನು ಕೇಳಬೇಕು. ಸಾರಿಗೆ ಉಪ್ಪು ಹಾಕುವುದು ಮರೆತಿದ್ದರೂ ತುಟಿ ಬಿಚ್ಚದೆ ಉಂಡು ಏಳುವ ಆಸಾಮಿ. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಹಾರ್ನ್ ಕೂಡ ಹೊಡೆಯುತ್ತಿರಲಿಲ್ಲ, ಅದು ದಾಟುವ ತನಕ ಕಾಯುತ್ತಿದ್ದರು.

ಅವರಿಗಿದ್ದ ಜಂಬ ಒಂದೇ, ಹೇಳಿದ ಹೊತ್ತು ತಪ್ಪಿಸುವವರಲ್ಲ. ತೊಂಬತ್ತೆಂಟರ ಸುಮಾರಿಗೆ ನಮ್ಮದೊಂದು ಡೀಸೆಲ್ ಅಂಬಾಸಿಡರ್ ಇತ್ತು. ಹುಮನಾಬಾದಿನ ಶಾಲೆಗೆ ಹೋಗುವ ನಾಲ್ವರು ಮಾಸ್ತರರನ್ನು ಮುಂಜಾನೆ ಕರೆದೊಯ್ದು ಸಂಜೆ ತಿರುಗಿ ತರುವ ಖಾಯಂ ಬಾಡಿಗೆ. ನಮ್ಮ ಮನೆ ನಡೆಯುತ್ತಿದ್ದದ್ದೇ ಅದರ ಮೇಲೆ. ಮಾಸ್ತರರು ಬೇರೆ ಗಾಡಿ ಹಿಡಿದರೆ ನಮ್ಮ ಕಥೆ ಮುಗಿದಂತೆಯೇ.

ಆ ವರ್ಷ ಶಾಲೆ ಶುರುವಾದ ಹೊಸತರಲ್ಲೇ ಕಾರು ಮುಂಜಾನೆ ಮುಷ್ಕರ ಹೂಡಿತು. ಚಾವಿ ತಿರುಗಿಸಿದರೆ ಗರ್ ಗರ್ ಎಂದು ತಿರುಗುವುದು, ಹೊತ್ತಿಕೊಳ್ಳುವುದಿಲ್ಲ. ಇವರು ಬಾನೆಟ್ ಎತ್ತಿ, ಕೈಯಿಂದ ಪಂಪು ಒತ್ತಿ ಒತ್ತಿ ಡೀಸೆಲ್ ನಳಿಗೆಯೊಳಗಿನ ಗಾಳಿ ತೆಗೆದ ಮೇಲೆ, ಓಣಿಯ ತುಂಬ ಹೊಗೆ ಬಿಟ್ಟು ಚಾಲೂ ಆಗುವುದು. ಆಮೇಲೆ ದಿನವಿಡೀ ಕುದುರೆ. ಮರುದಿನ ಬೆಳಗಾದರೆ ಮತ್ತೆ ಅದೇ ಹಾಡು.

"ಮಳಿ ಥಂಡಿ ಅದ, ಅದಕ್ಕ," ಎಂದರು ಇವರು.

ನಾನು ಬಿಡುತ್ತೇನೆಯೇ? ಹುಮನಾಬಾದಿನಲ್ಲಿ ಗ್ಯಾರೇಜ್ ಇಟ್ಟ ಧನರಾಜ ನನ್ನ ಒಡಹುಟ್ಟಿದ ಅಣ್ಣ. ನನಗಿದ್ದವನು ಅವನೊಬ್ಬನೇ. "ಮನ್ಯಾಗ ಮಿಸ್ತ್ರಿ ಇಟಗೊಂಡು ಊರೆಲ್ಲಾ ಯಾಕ ಹುಡುಕ್ತೀರಿ? ನಮ್ಮ ಅಣ್ಣನ ಕೈಗೆ ಕೊಡ್ರಿ," ಎಂದು ಕಳಿಸಿದೆ. ಅಣ್ಣ ಬ್ಯಾಟರಿ ನೋಡಿದ, ಹೀಟರ್ ಪ್ಲಗ್ ಬದಲಿಸಿದ. ಒಂದು ದಿನ ಮನೆಗೇ ಬಂದು, ಚಹಾ ಕುಡಿದು, ಓಣಿಯಲ್ಲಿ ನಿಂತ ಕಾರನ್ನು ಸುತ್ತು ಹಾಕಿ ಹೇಳಿದ: "ಮೀರಾ, ಗಾಡಿ ಮುಖ ಪಡುವಣಕ್ಕ ಅದ. ದುಡಿಯೋ ಗಾಡಿ ಹಾಂಗ ನಿಂದರಬಾರದು. ಮೂಡಣಕ್ಕ ತಿರುವಿ ನಿಂದರಸ್ರಿ, ಮುಂಜಾನೆ ಸೂರ್ಯನ ಬೆಳಕ ಮ್ಯಾಲ ಬೀಳ್ಲಿ."

ನಮ್ಮ ಓಣಿ ಮೂಡಣದ ಕಡೆಗೆ ಏರು. ಅಂದಿನಿಂದ ಕಾರು ಮೂತಿ ಮೇಲೆ ಮಾಡಿ ನಿಂತಿತು. ಬೆಳಗ್ಗೆ ಎದ್ದು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದವಳು ನಾನೇ. ಸೂರ್ಯನ ಬೆಳಕು ಬಿತ್ತು, ಕಾರು ಮಾತ್ರ ಮೊದಲಿಗಿಂತ ಜಾಸ್ತಿ ಸತಾಯಿಸಿತು.

ಮಾಸ್ತರರಿಗೆ ಶಾಲೆಯ ಪ್ರಾರ್ಥನೆ ತಪ್ಪತೊಡಗಿತು. ಹೆಡ್ ಮಾಸ್ತರ ಬೈದನಂತೆ. ಆಗ ಅಣ್ಣ ತಾನು ಹೊಸದಾಗಿ ತಂದಿದ್ದ ಜೀಪು ತೆಗೆದುಕೊಂಡು ನಸುಕಿನಲ್ಲೇ ಬಂದ. "ಭಾವನ ಗಾಡಿ ದುರಸ್ತ ಆಗೋ ತನಕ ನಾ ಕರಕೊಂಡು ಹೋಗ್ತೀನಿ, ಭಾವನ ಮರ್ಯಾದಿ ಉಳೀಲಿ," ಎಂದ. ಅಣ್ಣ ಅಂದರೆ ಹೀಗಿರಬೇಕು ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಒಮ್ಮೆ ಇವರು ಹುಡಗಿ ಎಂಬ ಊರಿಗೆ ಸಂಬಂಧಿಕರ ಮದುವೆಗೆಂದು ಎರಡು ದಿನ ಹೋದಾಗ, ನನಗೆ ತಡೆಯದೆ ನಮ್ಮೂರಿನ ಮಿಸ್ತ್ರಿ ಖಮರುದ್ದೀನನಿಗೆ ಹೇಳಿ ಕಳಿಸಿದೆ. ಆತ ಬಂದವನೇ ಓಣಿ ನೋಡಿದ.

"ಭಾಬಿ, ಮೂತಿ ಮ್ಯಾಲ ಮಾಡಿ ಯಾಕ ನಿಂದರಿಸೀರಿ?"

"ಮೂಡಣಕ್ಕ ಮುಖ ಇರ್ಲಿ ಅಂತ ನಮ್ಮ ಅಣ್ಣ ಹೇಳ್ಯಾನ್ರಿ."

"ದೇವರ ಮಾತು ನನಗ ತಿಳೀದು. ನಳಿಗ್ಯಾಗ ಎಲ್ಲ್ಯಾರ ಗಾಳಿ ಹೊಕ್ಕಿದ್ರ ಡೀಸೆಲ್ ರಾತ್ರೆಲ್ಲಾ ಹಿಂದಿನ ಟಾಕಿಗಿ ಇಳೀತದ. ಮುಂಜಾನೆ ಎಂಜಿನ್ನಿಗಿ ಏನು ಸಿಗಬೇಕು?"

ಕಾರನ್ನು ತಿರುವಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ ಹೋದ. ಮರುದಿನ ಬಂದು ಚಾವಿ ಮುಟ್ಟಿದ್ದೇ ತಡ, ಕಾರು ಹೊತ್ತಿಕೊಂಡಿತು. ಆದರೆ ಎಂಜಿನ್ ಕೆಳಗಿನ ನೆಲ ಡೀಸೆಲ್ಲಿನಿಂದ ಒದ್ದೆಯಾಗಿತ್ತು. ಆತ ಫಿಲ್ಟರಿಗೆ ನಳಿಗೆ ಕೂಡುವ ಜಾಗವನ್ನು ಬಿಚ್ಚಿ, ತಾಮ್ರದ ಪುಟ್ಟ ಉಂಗುರವೊಂದನ್ನು ತೆಗೆದ. ಸೀಳಿ ಹೋದ ಹಳೆಯ ವಾಷರು.

"ಯಾ ಅಲ್ಲಾ, ಇದು ನಾ ಹಾಕಿದ್ದಲ್ರಿ! ರುದ್ರಪ್ಪಣ್ಣಾ ಎರಡು ಸಲ ನನ್ನ ಕಡೆ ಬಂದು ಹೊಸಾದು ಹಾಕಿಸ್ಕೊಂಡು ಹೋಗ್ಯಾರ. ಹೊಸಾದು ತೆಗದು ಈ ಸೀಳಿದ್ದು ಯಾರು ಇಟ್ಟಾರ?"

ಇವರು ಹೊಸದು ಹಾಕಿಸಿಕೊಂಡು ಬಂದಾಗಲೆಲ್ಲ, 'ಒಮ್ಮೆ ನಮ್ಮ ಅಣ್ಣ ನೋಡ್ಲಿ' ಎಂದು ಕಾರನ್ನು ಹುಮನಾಬಾದಿಗೆ ಅಟ್ಟಿದ್ದೆ. ಆಮೇಲೆ ಬಾನೆಟ್ಟಿಗೆ ಅಣ್ಣನದು ಬಿಟ್ಟರೆ ಬೇರೆ ಮಿಸ್ತ್ರಿಯ ಕೈ ಬಿದ್ದೇ ಇರಲಿಲ್ಲ.

ಸಂಜೆ ಇವರು ಹೊಸ್ತಿಲು ದಾಟುವುದಕ್ಕೂ ಬಿಡಲಿಲ್ಲ.

"ನಿಮಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿನಗ ತವರ ಇಲ್ಲದಂಗ ಆಗ್ತಿತ್ತು, ಮೀರಾ. ಇರಾಂವ ಒಬ್ಬನ."

ಅಯ್ಯೋ ನನ್ನ ಕರ್ಮವೇ! ನಾನು ಊದಿನಕಡ್ಡಿ ಹಿಡಿದು ಅಣ್ಣನನ್ನು ಹೊಗಳುತ್ತ ನಿಲ್ಲುವುದು, ಇವರು ಎಲ್ಲ ತಿಳಿದೂ ತಲೆ ತಗ್ಗಿಸಿ ಪಂಪು ಒತ್ತುವುದು! ಒಬ್ಬ ಅನ್ನ ಕದ್ದ, ಇನ್ನೊಬ್ಬರು ಕದ್ದದ್ದನ್ನು ಮುಚ್ಚಿಟ್ಟರು. ಇಬ್ಬರೂ ಸೇರಿ ನನ್ನನ್ನು ಹುಚ್ಚಿ ಮಾಡಿದರು. ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಕೈಕಾಲು ತೊಳೆದುಕೊಂಡು, "ಊಟಕ್ಕ ನೀಡು," ಎಂದರು.

ಕಾರು ಸರಿಯಾಯಿತು, ಮಾಸ್ತರರು ಮಾತ್ರ ಮರಳಲಿಲ್ಲ. ಅವರಿಗೆ ಜೀಪು ರೂಢಿಯಾಗಿತ್ತು. ಇವರು ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಬಾಡಿಗೆಗೆ ಕಾಯುತ್ತ ನಿಲ್ಲುವಂತಾಯಿತು.

ಶ್ರಾವಣ ಬಂತು. ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಅಣ್ಣ ಬಂದ, ಅದೇ ಜೀಪಿನಲ್ಲಿ.

"ಮೀರಾ, ಲಗೂನ ಹತ್ತು. ನಿಮ್ಮ ವೈನಿ ಉಂಡಿ ಕಟ್ಟಿ ಹಾದಿ ನೋಡಾಕತ್ತಾಳ."

"ಹೋಗಿ ಬಾ, ಹಬ್ಬ ಅದ," ಎಂದರು ಇವರು ಹಿಂದಿನಿಂದ. ಅವರ ಮೇಲೆ ಸಿಟ್ಟು ನೆತ್ತಿಗೇರಿತು.

ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ: "ಈ ಗಾಡಿ ನಾ ಹತ್ತಂಗಿಲ್ಲಣ್ಣಾ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ."

ಅಣ್ಣ ಯಾಕೆ ಎಂದು ಕೇಳಲಿಲ್ಲ. ನೆಲ ನೋಡಿದ, ಜೀಪು ಹತ್ತಿದ, ಹೋದ. ಯಾಕ ತಂಗಿ ಅಂತ ಒಂದೇ ಒಂದು ಮಾತು ಕೇಳಿದ್ದರೆ, ಬಾಯಿಗೆ ಬಂದ ಒಂದು ಸುಳ್ಳು ಹೇಳಿದ್ದರೂ, ನಾನು ನಂಬಿ ಹತ್ತಿಬಿಡುತ್ತಿದ್ದೆ.