ಕೆರೆ ಗೇಟಿನಲ್ಲಿ ಸಿಕ್ಕಿಬಿದ್ದ ಸೊಪ್ಪು

ಯಲಹಂಕದಾಚೆಯ ಆ ಕೆರೆ ಕಾಡಿನ ದಾರಿ ಬಹಳ ಸಲೀಸು. ರಾಗಿ ಹೊಲದ ಬದು, ಆಮೇಲೆ ಮರಗಳ ನೆರಳು, ಕೊನೆಗೆ ಜೊಂಡು ಬೆಳೆದ ಕೆರೆಯಂಚು. ಡೊಳ್ಳು ಹೊಟ್ಟೆಯ ನಾನೂ ಏದುಸಿರಿಲ್ಲದೆ ಸುತ್ತಿ ಬಂದೆ. ಹೊರಗೆ ಬರುವಾಗ ಗೇಟಿನ ಕಾವಲುಗಾರ ನನ್ನ ಚೀಲ ತೆಗೆಸಿದ. ಒಳಗೆ ಒಂದು ಕಟ್ಟು ಹೊನಗೊನ್ನೆ ಸೊಪ್ಪು.

"ಏನ್ ಸಾರ್ ಇದು? ಇಲ್ಲಿ ಒಂದ್ ಎಲೇನೂ ಕೀಳಂಗಿಲ್ಲ."

"ಕಿತ್ತಿದ್ದಲ್ಲ ಕಣ್ರೀ, ಬರುವಾಗ ದಾರೀಲಿ ಕೊಂಡಿದ್ದು."

ಅವನು ಕಟ್ಟು ಬಿಚ್ಚಿದ. ಬುಡದ ಕೆಸರನ್ನು ಬೆರಳಿಗೆ ಹಚ್ಚಿ, ಮೂಸಿ, ನನ್ನ ಮೂಗಿಗೂ ಹಿಡಿದ. "ಇದು ನಮ್ ಕೆರೆ ಕೆಸರು. ನನಗೇ ಹೇಳ್ತೀರಾ? ಗೇಟಿಗೆ ಬರೋ ತಿರುವಿನಲ್ಲಿ ಅಷ್ಟು ದೊಡ್ಡ ಬೋರ್ಡ್ ಐತೆ, ಓದ್ಲಿಲ್ವಾ?"

ದುರ್ಬೀನು ನೇತುಹಾಕಿಕೊಂಡಿದ್ದ ಒಬ್ಬಾಕೆ ನನ್ನನ್ನು ಗಂಧದ ಕಳ್ಳನನ್ನು ನೋಡಿದ ಹಾಗೆ ನೋಡಿದರು. ನನಗೂ ರೇಗಿತು.

"ಹೆಂಗ್ರೀ ಓದೋದು? ಸೊಪ್ಪು ಮಾರೋ ಅಜ್ಜಿ ಅದಕ್ಕೇ ಒರಗಿ ಕೂತಿದ್ರು!"

"ಯಾವ ಅಜ್ಜಿ?"

"ಹಸಿರು ಸೀರೆ, ದಪ್ಪ ಕನ್ನಡಕ, ಒಂದು ಕಡ್ಡಿಗೆ ದಾರ ಸುತ್ತಿತ್ತು."

ಅವನ ಬೆರಳು ನನ್ನ ಮೂಗಿನ ಹತ್ತಿರವೇ ನಿಂತಿತು. "ನಮ್ಮವ್ವ ಸಾರ್ ಅದು. ಸೊಪ್ಪು ಯಶವಂತಪುರ ಮಾರ್ಕೆಟ್ಟಿಂದ ತರ್ತೀನಿ ಅಂದಿದ್ಲು." ಕೆಸರಿನ ಕೈಯಲ್ಲೇ ಹಣೆ ಚಚ್ಚಿಕೊಂಡ. "ಅದಕ್ಕೇ ದಿನಾ ಬೆಳಿಗ್ಗೆ ಇಲ್ಲೀಗಂಟ ತಿಂಡಿ ತಂದ್ಕೊಟ್ಟು, ನಿನ್ ರೂಮೊಳಗೆ ಕೂತು ನಿಧಾನಕ್ಕೆ ತಿನ್ನು ಮಗಾ ಅಂತಾಳೆ!"

ಸೊಪ್ಪನ್ನು ತಾನೇ ಕಟ್ಟಿ ಚೀಲಕ್ಕಿಟ್ಟ. "ಬಸ್ಸಾರು ಮಾಡ್ಸಿ ಸಾರ್," ಅಂದ ಮೆಲ್ಲಗೆ.

ಮುಂದಿನ ಭಾನುವಾರವೂ ಅಜ್ಜಿ ಬೋರ್ಡಿಗೆ ಒರಗಿಯೇ ಕೂತಿದ್ದರು. ಸೊಪ್ಪಿನ ಬುಡ ಮಾತ್ರ ಚೊಕ್ಕವಾಗಿ ತೊಳೆದಿತ್ತು.