ಒಂದೇ ಡಿಸ್ಕಿನಲ್ಲಿದ್ದ ಇನ್ನೂರು ಧ್ವನಿಗಳು

ಆಸ್ಪತ್ರೆಯಲ್ಲಿ ಅವರ ಕೆಲಸ ಕಿವಿ ಪರೀಕ್ಷೆ ಮಾಡುವುದು. ಆದರೆ ಎಲ್ಲರೂ ಕರೆಯುತ್ತಿದ್ದದ್ದು ‘ಮಾತಿನ ಮೇಷ್ಟ್ರು’ ಎಂದು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದವರನ್ನು ಅವರು ಆಪರೇಷನ್ನಿನ ಹಿಂದಿನ ದಿನ ತಮ್ಮ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ.

“ಏನು ಮಾತಾಡೋದು?” ಎಂದು ತಡವರಿಸಿದವರಿಗೆ, “ಹೆಂಡ್ತೀನ ಬೈಯಿರಿ, ನಿಜವಾದ ಗಂಟಲು ಆಗ್ಲೇ ಬರೋದು” ಎನ್ನುತ್ತಿದ್ದರು.

ಹನ್ನೆರಡು ವರ್ಷದಲ್ಲಿ ಇನ್ನೂರು ಚಿಲ್ಲರೆ ಧ್ವನಿಗಳಾದವು. ಎಲ್ಲವೂ ಒಂದು ದೊಡ್ಡ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ನಾಲ್ಕು ಭಾಗ ಮಾಡಿದ್ದರು. ಧ್ವನಿಗಳಿದ್ದ ಭಾಗದ ಯಥಾವತ್ತು ನಕಲನ್ನು ಪ್ರತಿ ಶನಿವಾರ ತಪ್ಪದೆ ಕೊನೆಯ ಭಾಗಕ್ಕೆ ಇಳಿಸುತ್ತಿದ್ದರು. ಪರದೆಯ ಮೇಲೆ ನಾಲ್ಕೂ ಬೇರೆ ಬೇರೆ ಡಿಸ್ಕುಗಳಂತೆಯೇ ಕಾಣುತ್ತಿದ್ದವು.

ಒಂದು ಸೋಮವಾರ ಡಿಸ್ಕು ಟಕಟಕ ಎಂದು ಸದ್ದು ಮಾಡಿ ನಿಂತುಹೋಯಿತು. ರಿಪೇರಿಯಾಕೆ ಬಿಚ್ಚಿ ನೋಡಿದಳು. ಒಳಗಿನ ತಟ್ಟೆಗಳೆಲ್ಲ ಗೀರುಬಿದ್ದು ಹೋಗಿದ್ದವು.

“ಪರವಾಗಿಲ್ಲಮ್ಮ, ನಾಲ್ಕನೇ ಭಾಗದಲ್ಲಿ ನಕಲಿದೆ.”

ಆಕೆ ಬಿಚ್ಚಿದ ಡಿಸ್ಕನ್ನು ಅವರ ಮುಂದಕ್ಕೆ ಸರಿಸಿದಳು. “ಸರ್, ಮನೇಲಿ ನಾಲ್ಕು ಕೋಣೆ ಇದ್ರೂ ಅಡಿಪಾಯ ಒಂದೇ ಅಲ್ವಾ? ನಕಲು ಬೇರೆ ಡಿಸ್ಕಲ್ಲಿ ಇರಬೇಕಿತ್ತು.”

ಇನ್ನೆರಡು ಕಡೆ ತೋರಿಸಿದರು. ಅದೇ ಉತ್ತರ. ಆಮೇಲೆ ರಿಜಿಸ್ಟರ್ ಹಿಡಿದು ಮನೆಮನೆಗೂ ಫೋನ್ ಮಾಡಿದರು. ಮೂವತ್ತೊಂದು ಮನೆಗಳಲ್ಲಿ, ಹಿಂದೆ ಕೇಳಿ ಒಯ್ದಿದ್ದ ಪ್ರತಿ ಸಿಕ್ಕಿತು. ಉಳಿದವರು ‘ನಿಮ್ಮ ಹತ್ರ ಇದೆಯಲ್ಲ’ ಎಂದು ನೆಮ್ಮದಿಯಾಗಿದ್ದವರು.

ಫೋನಿಗೆ ಸಿಗದೇ ಹೋಗಿದ್ದ ಒಬ್ಬಾಕೆ, ಬಸ್ ಡ್ರೈವರ್ ಒಬ್ಬರ ಹೆಂಡತಿ, ಮರುತಿಂಗಳು ತಾನಾಗಿಯೇ ಬಂದಳು. ಗಂಡ ತೀರಿಕೊಂಡು ಮೂರು ವರ್ಷ.

“ಇಷ್ಟು ದಿನ ಅವ್ರ ದನಿ ಕೇಳೋ ಧೈರ್ಯ ಇರ್ಲಿಲ್ಲ ಅಣ್ಣಾ. ಈಗ ಕೇಳ್ತೀನಿ.”

ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ಆಕೆ ಕೂಗಾಡಲಿಲ್ಲ.

“ಹೋಗ್ಲಿ, ಅವತ್ತು ಏನಂದ್ರು ಅವ್ರು? ನೀವಿದ್ರಲ್ಲ ಎದುರಿಗೆ, ಅಷ್ಟು ಹೇಳಿ.”

ಮೇಷ್ಟ್ರು ಕಣ್ಣು ಮುಚ್ಚಿ ನೆನೆದರು. ಖಾಕಿ ಅಂಗಿ ನೆನಪಾಯಿತು, ಆಡಿದ ಮಾತು ನೆನಪಾಗಲಿಲ್ಲ. ಏನಾದರೂ ಕಟ್ಟಿ ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

“ನೆನಪಿಲ್ಲ ತಾಯಿ.”

ಆಕೆ ತಲೆಯಾಡಿಸಿ, ಸೆರಗು ಹೊದ್ದು ಎದ್ದು ಹೋದಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಸ್ಪತ್ರೆಯವರು ಎರಡು ಹೊಸ ಡಿಸ್ಕು ಕೊಡಿಸಿದರು. ಮೇಷ್ಟ್ರು ಅವುಗಳ ಪೊಟ್ಟಣವನ್ನೂ ಒಡೆಯಲಿಲ್ಲ. ಈಗ ಅವರು ಕಿವಿ ಮಾತ್ರ ಪರೀಕ್ಷಿಸುತ್ತಾರೆ. ಧ್ವನಿ ಕಳೆದುಕೊಳ್ಳಲಿರುವವರು ಹಾಗೆಯೇ ಆಪರೇಷನ್‌ಗೆ ಹೋಗುತ್ತಾರೆ.