ಬೆಲ್ಲದ ಪೆಟ್ಟಿಗೆಯ ಬೀಗ

ತಮಿಳುನಾಡಿನ ದಿಂಡಿಗಲ್‌ನಿಂದ ತೇನಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ತೇವಾರಂನ ಅಜ್ಜಿ, "ಏನ್ ಕೆಲ್ಸ ಕಣ್ಣು?" ಎಂದರು. ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ನಮ್ಮವರ ಮಾತು, ತೀರಿಹೋದ ನನ್ನಜ್ಜಿಯದೇ ಕನ್ನಡ; ಕೇಳಿ ಎಷ್ಟು ಕಾಲವಾಗಿತ್ತು!

"ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ ಮಿದುಳು ನೋಡ್ತೀನಿ ಅಜ್ಜಿ. ಮನಸ್ಸನ್ನ ಗೆಲುವಾಗಿಡೋ ರಸಗಳು ಕಮ್ಮಿಯಾಗ್ತವೆ. ಪಾಪ, ಮೂಲೆ ಹಿಡಿದು ಕೂತ್ಬಿಡ್ತವೆ."

ಅಜ್ಜಿ ನನ್ನ ಕಡೆ ತಿರುಗಿ ಕೂತರು.

"ನಮ್ಮನೆಯೋರಿಗೂ ಸಕ್ಕರೆ ಇತ್ತು. ಬೆಲ್ಲದ ಪೆಟ್ಟಿಗೆಗೆ ಯಾರಿಗೂ ಒಡೆಯಾಕಾಗದ ದಿಂಡಿಗಲ್ ಬೀಗ ಜಡಿದೆ. ಆಮ್ಯಾಲೆ ಮಾತೇ ಬಿಟ್ರು, ಹಂಗೇ ಹೋದ್ರು. ನನ್ ಮ್ಯಾಲೆ ಕೋಪ ಅಂದ್ಕಂಡಿದ್ದೆ. ಕೋಪ ಅಲ್ವಾ ಹಂಗಾರೆ?"

"ಅಲ್ಲ ಅಜ್ಜಿ," ಎಂದೆ.

ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆ ಎನ್ನಲಾಗದು ಎಂದು ಪ್ರತಿ ವರದಿಯ ಕೊನೆಯಲ್ಲೂ ಬರೆಯುವವನು ನಾನು. ತೇನಿ ಬರುವವರೆಗೂ ಆ ವಾಕ್ಯ ನನ್ನ ಬಾಯಿಗೆ ಬರಲೇ ಇಲ್ಲ.